ದುರ್ಬೀನಿನ ಕಬ್ಬಿಣದ ಬಳೆಗೆ ‘ಅಣಸು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಕೊಡಗಿನ ನಾಪೋಕ್ಲು ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಮಕ್ಕಳು ದುರ್ಬೀನಿಗೆ ಫೋನ್ ಜೋಡಿಸಿ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ಅದಕ್ಕೊಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಪೆನ್ನು ನಿಂತಿದೆ: ಅಣಸು, ಅಂದರೆ ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆ.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ದುರ್ಬೀನಿನಲ್ಲಿ ಕಣ್ಣಿಡುವ ತುದಿಗೆ ಒಂದು ಕಬ್ಬಿಣದ ಬಳೆ ತೊಡಿಸುತ್ತೇವೆ. ಫೋನಿನ ಕವರಿಗೆ, ಕ್ಯಾಮೆರಾ ತೂತಿನ ಸುತ್ತ, ಪುಟ್ಟ ಪುಟ್ಟ ನಿಯೋಡಿಮಿಯಂ ಮ್ಯಾಗ್ನೆಟ್ ಬಿಲ್ಲೆಗಳನ್ನು ಕೂರಿಸುತ್ತೇವೆ. ತೂತಿಗೆ ತೀರಾ ಹತ್ತಿರ ಇಡಬಾರದು. ಕ್ಯಾಮೆರಾದ ಒಳಗೆ ಫೋಕಸ್ ಮಾಡಲು ಮಸೂರವನ್ನು ಆಡಿಸುವುದೂ ಮ್ಯಾಗ್ನೆಟ್ಟೇ, ಅದಕ್ಕೆ ತೊಂದರೆ ಆಗಬಹುದು. ಆಮೇಲೆ ಫೋನನ್ನು ಹತ್ತಿರ ತಂದರೆ ಸಾಕು, ಟಕ್ ಅಂತ ಹಿಡಿದುಕೊಳ್ಳುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಅಡಾಪ್ಟರ್ ಇತ್ತು ನಮ್ಮಲ್ಲಿ. ಅದನ್ನು ಜೋಡಿಸುವಷ್ಟರಲ್ಲಿ ಮಂಗಟ್ಟೆ ಹಕ್ಕಿ ಅತ್ತಿಮರ ಬಿಟ್ಟು ಹೋಗಿರುತ್ತಿತ್ತು.

ಈ ಬಳೆ, ಬಿಲ್ಲೆ ಎರಡನ್ನೂ ಸೇರಿಸಿ ಒಬ್ಬರು ‘ಅಯಸ್ಕಾಂತೀಯ ಸಂಯೋಜಕ’ ಅಂತ ಬರೆದುಕೊಟ್ಟರು. ತಪ್ಪೇನಿಲ್ಲ. ಅಯಸ್ ಅಂದರೆ ಕಬ್ಬಿಣ, ಕಾಂತ ಅಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು ಅಂತ. ಎಷ್ಟು ಚೆಂದದ ಪದ ಅಲ್ವಾ? ಆದರೆ ಏಳನೇ ಕ್ಲಾಸಿನಲ್ಲಿ ಓದಿ ಹೇಳಿದಾಗ ಮಕ್ಕಳು ಸುಮ್ನೆ ನನ್ನ ಮುಖ ನೋಡಿದರು. ‘ಸೂಜಿಗಲ್ಲು’ ಅಂದೆ. ಅದು ಕಥೆಗಳಲ್ಲಿ, ಭಾಷಣಗಳಲ್ಲಿ ಚೆನ್ನಾಗಿ ಬದುಕಿದೆ. ‘ಸೂಜಿಗಲ್ಲಿನಂತೆ ಸೆಳೆಯಿತು’ ಅಂತ ಎಲ್ಲರೂ ಬರೆಯುತ್ತೇವೆ. ಅಂಗಡಿಗೆ ಹೋಗಿ ಯಾರೂ ಕೇಳುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ ಮ್ಯಾಗ್ನೆಟ್ಟಾಗಿಯೇ ಇರಲಿ ಅಂತ ತೀರ್ಮಾನಿಸಿದ್ದೇನೆ. ದುರ್ಬೀನು ಕೂಡ ಹಾಗೆ ಬಂದದ್ದೇ ತಾನೆ? ಪಾರ್ಸಿಯಲ್ಲಿ ದೂರ್ ಅಂದರೆ ದೂರ, ಬೀನ್ ಅಂದರೆ ನೋಡುವಂಥದ್ದು. ಈಗ ಅದು ನಮ್ಮದೇ ಮಾತು.

ನನಗೆ ಜಾಸ್ತಿ ಯೋಚನೆ ಹಚ್ಚಿದ್ದು ಕ್ರಿಯಾಪದ. ಫೋನು ಬಳೆಗೆ ಏನು ಮಾಡುತ್ತದೆ? ‘ಅಂಟುತ್ತದೆ’ ಅಂತ ಬರೆದಿದ್ದೆ. ಅಂಟಿದ್ದನ್ನು ಕಿತ್ತರೆ ಕೈಗೆ ಅಂಟು ಮೆತ್ತುತ್ತದೆ, ಇಲ್ಲವೇ ಗುರುತು ಉಳಿಯುತ್ತದೆ. ಇಲ್ಲಿ ಅದೇನೂ ಇಲ್ಲ.

ಉತ್ತರ ಸಿಕ್ಕಿದ್ದು ಒಂದು ಬೆಳಿಗ್ಗೆ, ಶಾಲೆಯ ಹಿಂದಿನ ಕಾಫಿ ತೋಟದಲ್ಲಿ. ಸಿಲ್ವರ್ ಓಕ್ ಮರದ ಕೆಳಗಿನ ಕೊಂಬೆಯಲ್ಲಿ ಗಂಡು ಕಾಕರಣೆ ಹಕ್ಕಿ ಕೂತಿತ್ತು. ಕಪ್ಪು ತಲೆ, ಎದೆಗೆ ಬಿಳಿ ಪಟ್ಟಿ, ಹೊಟ್ಟೆ ಕೆಂಪು. ಅದು ಅಲುಗಾಡದೆ ಬಹಳ ಹೊತ್ತು ಕೂರುವ ಹಕ್ಕಿ, ಕಲಿಯುವ ಮಕ್ಕಳಿಗೆ ಹೇಳಿ ಮಾಡಿಸಿದ್ದು. ನಾನು ಫೋನ್ ತಾಗಿಸಿದೆ. ಪರದೆಯ ಒಂದು ಬದಿ ಕಪ್ಪಾಗಿಯೇ ಇತ್ತು. ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ನೋಡಿದಳು. ಬಳೆಗೂ ಕವರಿಗೂ ನಡುವೆ ಒಂದು ಒಣಗಿದ ಎಲೆಯ ಚೂರು ಸಿಕ್ಕಿಕೊಂಡಿತ್ತು.

“ಟೀಚರ್, ಅದು ಕಚ್ಚಿಕೊಂಡಿಲ್ಲ. ಸುಮ್ನೆ ಕೂತಿದೆ ಅಷ್ಟೇ. ಅದಕ್ಕೇ ಗ್ರಹಣ ಹಿಡಿದಿದೆ.”

ಎಲೆ ಚೂರು ತೆಗೆದು ಮತ್ತೆ ಇಟ್ಟಳು. ಟಕ್. “ಈಗ ಬಿಡ್ತು” ಅಂದಳು.

ಎರಡು ಪದ ಒಟ್ಟಿಗೇ ಸಿಕ್ಕಿದವು. ಚಿತ್ರದ ಅಂಚು ಕಪ್ಪಾಗುವುದಕ್ಕೆ ‘ಗ್ರಹಣ’. ಹಿಡಿಯುತ್ತದೆ, ಬಿಡುತ್ತದೆ, ಕ್ರಿಯಾಪದ ಸಮೇತ ಮನೆಮಾತಿನಲ್ಲೇ ಇದೆ. ಇನ್ನೊಂದು ‘ಕಚ್ಚಿಕೊಳ್ಳು’. ಯೋಚಿಸಿದಷ್ಟೂ ಇದು ಸರಿ ಅನ್ನಿಸುತ್ತಿದೆ. ಮ್ಯಾಗ್ನೆಟ್ಟನ್ನು ನೇರವಾಗಿ ಎಳೆದರೆ ಸುಲಭಕ್ಕೆ ಬರುವುದಿಲ್ಲ, ಪಕ್ಕಕ್ಕೆ ನೂಕಿದರೆ ಜಾರಿಬಿಡುತ್ತದೆ. ನಮ್ಮ ಮೊದಲ ಬಳೆ ಚಪ್ಪಟೆಯಾಗಿತ್ತು, ದುರ್ಬೀನು ವಾಲಿಸಿದರೆ ಫೋನು ಜಾರುತ್ತಿತ್ತು. ಆಮೇಲೆ ಬಳೆಯ ಸುತ್ತ ಸಣ್ಣ ಅಂಚು ಎಬ್ಬಿಸಿ, ಕವರಿನಲ್ಲಿ ಅದಕ್ಕೆ ಹೊಂದುವ ತೋಡು ಕೊರೆಸಿದೆವು. ಬಡಗಿಗಳು ಮರದಲ್ಲಿ ಮಾಡುವ ಇಂಥ ಗಾಯಕ್ಕೂ ‘ಕಚ್ಚು’ ಅಂತಲೇ ಹೇಳುತ್ತಾರೆ. ಸೆಳೆಯುವ ಕೆಲಸ ಮ್ಯಾಗ್ನೆಟ್ಟಿನದು, ಜಾರದಂತೆ ತಡೆಯುವ ಕೆಲಸ ಕಚ್ಚಿನದು. ಎರಡೂ ಸೇರಿದರೆ ಕಚ್ಚಿಕೊಂಡಿತು ಅಂತ.

ಇನ್ನೊಂದು ಪದ ನಾನೇ ಇಟ್ಟಿದ್ದೇನೆ, ಒಪ್ಪಿಗೆ ಆಗುತ್ತದಾ ನೋಡಿ. ದುರ್ಬೀನನ್ನು ಕೈ ಚಾಚಿ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಕಣ್ಣಿಡುವ ಗಾಜಿನಲ್ಲಿ ದುಂಡಗಿನ ಬೆಳಕು ಕಾಣುತ್ತದೆ. ಅದಕ್ಕೆ ‘ಬೆಳಕಿನ ಬೊಟ್ಟು’ ಅಂದಿದ್ದೇನೆ. ಮುಂದಿನ ಗಾಜಿನ ಅಗಲವನ್ನು ದುರ್ಬೀನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಅದರಿಂದ ಭಾಗಿಸಿದರೆ ಬೊಟ್ಟಿನ ಅಳತೆ ಸಿಗುತ್ತದೆ. ನಮ್ಮದು 8 ಪಟ್ಟಿನದು, ಗಾಜು 42 ಮಿಲಿಮೀಟರ್. ಬೊಟ್ಟು 5.25 ಮಿಲಿಮೀಟರ್. ಫೋನಿನ ಮಸೂರ ಸರಿಯಾಗಿ ಈ ಬೊಟ್ಟಿನ ಮೇಲೇ, ಸರಿಯಾದ ದೂರದಲ್ಲೇ ಬರಬೇಕು. ಇಲ್ಲದಿದ್ದರೆ ಗ್ರಹಣ. ಹಾಗಾಗಿ ಬಳೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನೂ ಬೊಟ್ಟೇ ಹೇಳುತ್ತದೆ. ‘ಮಸೂರ’ ಅನ್ನುವುದಂತೂ ನನಗೆ ಬಹಳ ಇಷ್ಟದ ಪದ. ಸಂಸ್ಕೃತದ ಮಸೂರ ಅಂದರೆ ನಮ್ಮ ಚನ್ನಂಗಿ ಬೇಳೆ. ಲ್ಯಾಟಿನ್ನಿನ ಲೆನ್ಸ್ ಅಂದರೂ ಅದೇ ಬೇಳೆ.

ಈಗ ಮುಖ್ಯ ಪ್ರಶ್ನೆ, ಆ ಬಳೆ. ದುರ್ಬೀನಿನ ಮೈ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ, ಮೇಲೆ ರಬ್ಬರ್. ಯಾವುದಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದಕ್ಕೇ ಬಳೆ ಬೇಕು. ಸಾದಾ ಕಬ್ಬಿಣ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ ಅಂತ ಸ್ಟೀಲಿನದು ಮಾಡಿಸಿದರೆ ಅದಕ್ಕೂ ಮ್ಯಾಗ್ನೆಟ್ ಹಿಡಿಯಲಿಲ್ಲ. ಅಡುಗೆಮನೆಯ ಎಷ್ಟೋ ಲೋಟಗಳ ಕಥೆಯೂ ಇದೇ, 304 ನಂಬರಿನ ಸ್ಟೀಲ್. 430 ನಂಬರಿನದಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಈ ಬಳೆಯನ್ನು ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಒಯ್ದಿದ್ದೆ. ಅಮ್ಮ ಕೈಯಲ್ಲಿ ತಿರುಗಿಸಿ ನೋಡಿ, “ಇದು ಒನಕೆ ಅಣಸಿನ ಹಾಗಿದೆಯಲ್ಲ” ಅಂದರು. ಒನಕೆಯ ತುದಿ ಸೀಳದಿರಲಿ ಅಂತ ಹಾಕುವ ಕಬ್ಬಿಣದ ಬಳೆಗೆ ಅಣಸು ಅನ್ನುತ್ತಾರೆ. ಅಟ್ಟದಿಂದ ಒನಕೆ ಇಳಿಸಿ ನೋಡಿದೆ. ಉದ್ದನೆಯ ವಸ್ತು, ಅದರ ತುದಿ, ತುದಿಯನ್ನು ಸುತ್ತಿ ಬಿಗಿಯಾಗಿ ಕೂತ ಲೋಹದ ಬಳೆ. ನನಗೆ ಬೇಕಾದದ್ದೂ ಅಷ್ಟೇ. ಮೂರಕ್ಷರ, ಬಾಯಲ್ಲಿ ಸಲೀಸಾಗಿ ಹೊರಳುತ್ತದೆ. ಬತ್ತ ಕುಟ್ಟುವುದು ನಿಂತ ಮೇಲೆ ಕೆಲಸವಿಲ್ಲದೆ ಕೂತಿರುವ ಪದ, ಅದಕ್ಕೊಂದು ಹೊಸ ಕೆಲಸ ಸಿಗುತ್ತದೆ ಅನ್ನುವುದೇ ನನಗೆ ಖುಷಿ. ‘ದುರ್ಬೀನಿಗೆ ಅಣಸು ಹಾಕಿ, ಫೋನ್ ಕಚ್ಚಿಸಿ, ಗ್ರಹಣ ಬಿಟ್ಟಿದೆಯಾ ನೋಡಿ.’ ಕೈಪಿಡಿಯ ಮೊದಲ ಸಾಲು ಹೀಗಿದ್ದರೆ ಮಕ್ಕಳಿಗೆ ತಿಳಿಯುತ್ತದೆ.

ನಿಮ್ಮ ಕಡೆ ಅಣಸು ಇನ್ನೂ ಬಳಕೆಯಲ್ಲಿದೆಯಾ? ಕೊಡಲಿ, ಗುದ್ದಲಿ ಕಾವಿನ ಬಳೆಗೂ ಇದನ್ನೇ ಹೇಳುತ್ತೀರಾ, ಬೇರೆ ಮಾತಿದೆಯಾ? ಬಳೆ ಮೈಕ್ರೋಸ್ಕೋಪಿಗೂ ಹಾಕುತ್ತೇವೆ, ಕಾಫಿಯ ಕಾಯಿಕೊರಕ ಹುಳದ ಫೋಟೋ ತೆಗೆಯಲು. ಅಲ್ಲಿಗೂ ಅಣಸು ಸರಿಹೋಗುತ್ತದಾ ಹೇಳಿ. ಪೇಸ್‌ಮೇಕರ್ ಇರುವವರು ಮ್ಯಾಗ್ನೆಟ್ ಕವರನ್ನು ಎದೆಯಿಂದ 15 ಸೆಂಟಿಮೀಟರಿಗಿಂತ ದೂರ ಇಡಬೇಕು ಅನ್ನುವ ಮಾತನ್ನೂ ಕೈಪಿಡಿಗೆ ಸೇರಿಸಿದ್ದೇನೆ. ಅಚ್ಚಿಗೆ ಕೊಡಲು ಇನ್ನು ಎರಡು ವಾರ ಇದೆ.