ನಾಯಕನ ಪರ ವಕಾಲತ್ತು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಸೇರುವ ನಮ್ಮ ಕೂಟದಲ್ಲಿ ಸಿನಿಮಾದ ವಿಷಯಕ್ಕೆ ಒಮ್ಮತ ಮೂಡಿದ ಉದಾಹರಣೆಯೇ ಇಲ್ಲ. ಆದರೂ ಮೊನ್ನೆ ವಕೀಲರು, "ಪೋಷಕ ನಟರು ನಾಯಕನನ್ನೇ ನುಂಗಿ ಹಾಕುತ್ತಾರೆ ಎಂಬುದು ನಾಯಕನಾಗಲು ಆಗದವರು ಹುಟ್ಟಿಸಿದ ಮಾತು" ಎಂದು ಘೋಷಿಸಿದಾಗ, ಬಿಸಿಲಿಗೆ ಸೋತು ಗೋಡೆಗೆ ಒರಗಿದ್ದ ನಿವೃತ್ತ ಮಾಸ್ತರು ತಟ್ಟನೆ ನೆಟ್ಟಗೆ ಕುಳಿತರು.

"ವಕೀಲ ಸಾಹೇಬರೇ, 'ನಾಗರಹಾವು' 1972ರಲ್ಲಿ ಬಂತು. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರವದು, ಹುಡುಗನ ಸಿಟ್ಟಿಗೆ ನಾವೆಲ್ಲ ಮರುಳಾದದ್ದೂ ನಿಜ. ಆದರೆ ಯಾರಿಗೂ ಬಗ್ಗದ ಆ ಸಿಟ್ಟು ಚಾಮಯ್ಯ ಮೇಷ್ಟ್ರ ಒಂದು ಕರೆಗೆ ಮೆತ್ತಗಾಗುತ್ತದಲ್ಲ, ಅದನ್ನು ನೋಡುವುದಕ್ಕೇ ಅಲ್ಲವೇ ನಾವು ಮತ್ತೆ ಮತ್ತೆ ಟಾಕೀಸಿಗೆ ಹೋದದ್ದು? ಅಶ್ವತ್ಥ್ ಅವರ ಧ್ವನಿ ಗದ್ಗದವಾದರೆ ಬಾಲ್ಕನಿಯವರೂ ಗಾಂಧಿ ಕ್ಲಾಸಿನವರೂ ಒಟ್ಟಿಗೇ ಮೂಗು ಒರೆಸಿಕೊಳ್ಳುತ್ತಿದ್ದರು."

"ಸಾಕ್ಷಿದಾರರು ಸ್ವತಃ ಮಾಸ್ತರರಾದ್ದರಿಂದ ಮೇಷ್ಟ್ರ ಪರವಾಗಿ ಅವರು ಹೇಳುವ ಮಾತನ್ನು ಪರಿಗಣಿಸಬಾರದು" ಎಂದು ವಕೀಲರು ಆಕ್ಷೇಪಿಸಿದರು.

ಅಂಗಡಿಯೊಳಗಿನಿಂದ ಮೆಡಿಕಲ್ ಅಣ್ಣ ತಲೆ ಹೊರಹಾಕಿದರು. ಮಾತ್ರೆಯ ಪಟ್ಟಿಗಳ ಮೇಲಿನ ತಾರೀಖುಗಳನ್ನು ಓದಿ ಓದಿ ಅವರಿಗೆ ಸಿನಿಮಾದವರ ಹುಟ್ಟಿದ ವರ್ಷಗಳೂ ಬಾಯಿಪಾಠವಾಗಿಬಿಟ್ಟಿವೆ. "ಅಶ್ವತ್ಥ್ ಹುಟ್ಟಿದ್ದು 1925ರಲ್ಲಿ, ರಾಜ್‌ಕುಮಾರ್ 1929ರಲ್ಲಿ. ನಾಲ್ಕೇ ವರ್ಷ ಹಿರಿಯರಾದವರು ಅಪ್ಪನಾಗಿ ಬಂದು ನಿಂತರೂ ನಮ್ಮಲ್ಲಿ ಒಬ್ಬರೂ ಲೆಕ್ಕ ಕೇಳಲಿಲ್ಲ. ಪಂಢರಿಬಾಯಿಯವರನ್ನು ನೋಡಿರಿ: 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿ, ಮುಂದೆ ಅವರಿಗೇ ತಾಯಿ."

"ಅಂದರೆ ಹೆಂಡತಿ ತಾಯಿಯಾಗುವಷ್ಟು ಕಾಲ ಕಳೆದರೂ ನಾಯಕ ಮಾತ್ರ ಕಾಲೇಜಿನಲ್ಲೇ ಉಳಿದಿರುತ್ತಾನೆ ಎನ್ನಿ" ಎಂದು ಕಂಡಕ್ಟರ್ ನಕ್ಕರು. ಡ್ಯೂಟಿ ಮುಗಿಸಿ ಬಂದವರು ಆಗಷ್ಟೇ ಎಲ್ಲರಿಗೂ ಚಾ, ಮಿರ್ಚಿ ಭಜಿ ಹೇಳಿದ್ದರಿಂದ ಅವರ ಮಾತಿಗೆ ಆ ಸಂಜೆ ತುಸು ಹೆಚ್ಚೇ ತೂಕವಿತ್ತು.

ಭಜಿ ಬಂದದ್ದೇ ಮಾಸ್ತರರಿಗೆ ವಾದದ ಎಳೆ ಸಿಕ್ಕಿತು. "'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಲೋಕೇಶ್ ಇದ್ದರು, ವಿಷ್ಣುವರ್ಧನ್ ಇದ್ದರು, ಭೂತಯ್ಯನಾಗಿ ಎಂ. ಪಿ. ಶಂಕರ್ ಇದ್ದರು. ಇಷ್ಟು ಜನ ಘಟಾನುಘಟಿಗಳ ನಡುವೆ ಲೋಕನಾಥ್ ಎಂಬ ಮಹಾನುಭಾವರು ಉಪ್ಪಿನಕಾಯಿ ತಿಂದರು. ತಿಂದರು, ಅಷ್ಟೇ." ಹೀಗೆಂದು ಮಾಸ್ತರು ಚಟ್ನಿಯ ಕಾಗದಕ್ಕೆ ತೋರುಬೆರಳನ್ನು ಅದ್ದಿ, ಕಣ್ಣು ಮುಚ್ಚಿ, ಬೆರಳನ್ನು ಬುಡದವರೆಗೆ ನೆಕ್ಕಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು ಲೊಟ್ಟೆ ಹೊಡೆದರು. ಔಷಧಕ್ಕೆಂದು ಬಂದು ನಿಂತಿದ್ದ ಗಿರಾಕಿಯೊಬ್ಬರು ಎಂಜಲು ನುಂಗಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. "1974ರಲ್ಲಿ ಸವಿದ ಉಪ್ಪಿನಕಾಯಿ. ಆ ಹಿರಿಯರು 2018ರ ಕೊನೆಯ ದಿನ ತೀರಿಕೊಂಡಾಗಲೂ ಜನ ನೆನೆದದ್ದು ಅದನ್ನೇ. ನಿಮ್ಮ ನಾಯಕನಿಗೆ ಬೆರಳು ನೆಕ್ಕುವ ಅಧಿಕಾರವಿದೆಯೇ? ಅವನು ತಿಂದರೆ ತಾಯಿಯ ಕೈತುತ್ತನ್ನೇ ತಿನ್ನಬೇಕು. ಅವನಿಗೆ ಹೊಟ್ಟೆಬಾಕತನ ಸಲ್ಲದು, ಜಿಪುಣತನ ಸಲ್ಲದು, ನಾಯಿ ಬೊಗಳಿದರೆ ಹೆದರುವಂತೆಯೂ ಇಲ್ಲ. ಮನುಷ್ಯರಲ್ಲಿರುವ ಸಣ್ಣತನವನ್ನೆಲ್ಲ ಅವನಿಂದ ಕಿತ್ತು ಪೋಷಕ ನಟನಿಗೆ ಕೊಟ್ಟ ಮೇಲೆ, ನೋಡುವವರು ತಮ್ಮನ್ನು ಯಾರಲ್ಲಿ ಕಾಣಬೇಕು?"

ನನಗೆ ಇದು ಆ ಸಂಜೆಯ ಅತ್ಯಂತ ಗಟ್ಟಿ ಮಾತೆನ್ನಿಸಿತು. ಆದರೆ ಭಜಿ ತಣ್ಣಗಾಗುತ್ತಿದ್ದುದರಿಂದ ಬಾಯಿಬಿಟ್ಟು ಹೇಳಲಿಲ್ಲ.

ವಕೀಲರು ಸೋಲೊಪ್ಪುವವರಲ್ಲ. "ನಾಲ್ಕು ದೃಶ್ಯದಲ್ಲಿ ಬಂದು ಚಪ್ಪಾಳೆ ಹೊಡೆಸಿಕೊಂಡು ಹೋಗುವುದು ಸುಲಭ. ಎರಡೂವರೆ ತಾಸಿನ ಚಿತ್ರವನ್ನು ಹೆಗಲ ಮೇಲೆ ಹೊರುವವನು ನಾಯಕ, ಚಿತ್ರ ಬಿದ್ದರೆ ಬೈಸಿಕೊಳ್ಳುವವನೂ ಅವನೇ. ಶೇಂಗಾ ಹಿಂಡಿ ಎಷ್ಟೇ ರುಚಿಯಾಗಿದ್ದರೂ ಹೊಟ್ಟೆ ತುಂಬಿಸುವುದು ರೊಟ್ಟಿಯೇ, ಮಾಸ್ತರೇ."

"ಹಿಂಡಿ ತೀರಿದ ಮೇಲೆ ಬರೀ ರೊಟ್ಟಿಯನ್ನು ನೀವು ತಿಂದದ್ದನ್ನು ನಾನಂತೂ ನೋಡಿಲ್ಲ" ಎಂದರು ಕಂಡಕ್ಟರ್. ವಕೀಲರ ಮನೆಯ ಮದುವೆಯೊಂದರಲ್ಲಿ ಅವರು ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದವರು.

ಮಾತು ಖಳರತ್ತ ಹೊರಳಿತು. 'ಸಂಪತ್ತಿಗೆ ಸವಾಲ್' ನಮ್ಮ ಉತ್ತರ ಕರ್ನಾಟಕದ ಧುತ್ತರಗಿಯವರ ನಾಟಕದಿಂದ ಬಂದದ್ದೆಂಬ ಅಭಿಮಾನದಿಂದ ಮೆಡಿಕಲ್ ಅಣ್ಣ ಅದನ್ನೇ ಎತ್ತಿಕೊಂಡರು. ಸಾಹುಕಾರನಾಗಿ ವಜ್ರಮುನಿ ಕಣ್ಣು ಕೆಂಪಗೆ ಮಾಡಿ ಗುಡುಗದೇ ಹೋಗಿದ್ದರೆ ಅವರ ಮುಂದೆ ಎದೆಯೊಡ್ಡಿ ನಿಂತ ರಾಜ್‌ಕುಮಾರ್ ಅವರ ಧೈರ್ಯಕ್ಕೆ ಬೆಲೆ ಎಲ್ಲಿಂದ ಬರುತ್ತಿತ್ತು ಎಂಬುದು ಅವರ ಪ್ರಶ್ನೆ. ವಕೀಲರು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಅಡ್ಡ ಬಂದರು.

"ಅದರಲ್ಲಿ ವಜ್ರಮುನಿಗಿಂತ ದೊಡ್ಡ ಪೋಷಕ ಕಲಾವಿದೆ ಎಮ್ಮೆ. 'ಯಾರೇ ಕೂಗಾಡಲಿ' ಹಾಡು ರಾಜ್‌ಕುಮಾರ್ ಅವರನ್ನು ಗಾಯಕರಾಗಿಯೂ ನೆಲೆಗೊಳಿಸಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಹಾಡಿನಲ್ಲಿ ನಾಯಕರು ಎಮ್ಮೆಯ ಬೆನ್ನ ಮೇಲೆಯೇ ಕುಳಿತು ಅದಕ್ಕೆ ಸಾಟಿಯಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ಕಕ್ಷಿದಾರರೇ ತಪ್ಪೊಪ್ಪಿಗೆ ಕೊಟ್ಟ ಮೇಲೆ ವಕೀಲರಿಗೆ ಏನು ಕೆಲಸ?"

"ಹಾಗಿದ್ದರೆ 'ಮುಂಗಾರು ಮಳೆ'ಯ ಮೊಲವನ್ನೂ ಸೇರಿಸಿ" ಎಂದೆ ನಾನು. ಗಣೇಶ್ ಅವರ ಮಾತಿಗೆ ಎಲ್ಲರೂ ನಕ್ಕರು, ಕರ್ನಲ್ ಪಾತ್ರದ ಅನಂತ್ ನಾಗ್ ಅವರಿಗೆ ತಲೆದೂಗಿದರು, ಆದರೆ ಕೊನೆಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಅತ್ತದ್ದು ದೇವದಾಸನೆಂಬ ಮೊಲಕ್ಕೆ.

ಹಿಂದಿ ಚಿತ್ರಗಳ ವಿಷಯವನ್ನು ತಂದದ್ದು ವಕೀಲರೇ, ಮತ್ತು ಅದು ಅವರಿಗೇ ಮುಳುವಾಯಿತು. 'ಶೋಲೆ'ಯನ್ನು ಜಯ್ ಮತ್ತು ವೀರು ಗೆಲ್ಲಿಸಿದರು ಎಂದ ಅವರ ಮುಖವನ್ನು ಮೂವರೂ ಕನಿಕರದಿಂದ ನೋಡಿದರು. ಅಮ್ಜದ್ ಖಾನ್ ಅವರ ಗಬ್ಬರ್ ಬಿಡಿ, ಬಂಡೆಯ ಮೇಲೆ ಬಂದೂಕು ಹಿಡಿದು ಕುಳಿತು 'ಪೂರೇ ಪಚಾಸ್ ಹಜಾರ್' ಎಂದ ಸಾಂಬಾನ ಹೆಸರೂ ಬೀದಿ ಮಕ್ಕಳಿಗೆ ಗೊತ್ತು. "ಇಷ್ಟಾದರೂ ಆ ವರ್ಷದ ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ಹೋದದ್ದು 'ದೀವಾರ್'ನ ಶಶಿ ಕಪೂರ್ ಅವರಿಗೆ" ಎಂದು ಮೆಡಿಕಲ್ ಅಣ್ಣ ನೆನಪಿಸಿದರು.

"ಸರಿಯಾಗಿಯೇ ಇದೆ" ಎಂದರು ಕಂಡಕ್ಟರ್. "ಗಬ್ಬರ್‌ನ ಬಳಿ ಕುದುರೆಗಳಿದ್ದವು, ಶಶಿ ಕಪೂರ್ ಬಳಿ ತಾಯಿ ಇದ್ದರು."

ಕೊನೆಯ ಪಟ್ಟೆಂದು ವಕೀಲರು ಕೇಳಿದರು: "ಪೋಷಕ ನಟನ ಹೆಸರು ತೆರೆಯ ಮೇಲೆ ಬಂದಾಗ ಯಾರಾದರೂ ಸೀಟಿ ಹೊಡೆದಿದ್ದಾರೆಯೇ?"

"2018ರ 'ಟಗರು' ಚಿತ್ರಕ್ಕೆ ಜನ ಶಿವರಾಜ್‌ಕುಮಾರ್ ಅವರನ್ನು ನೋಡಲು ಹೋಗಿ, ಹೊರಗೆ ಬರುವಾಗ 'ಡಾಲಿ, ಡಾಲಿ' ಎನ್ನುತ್ತಿದ್ದರು. ಪಾತ್ರದ ಹೆಸರು ನಟನ ಹೆಸರಿಗೇ ಅಂಟಿಕೊಂಡು ಡಾಲಿ ಧನಂಜಯ್ ಆಯಿತು" ಎಂದರು ಮಾಸ್ತರು.

"ಅವರೀಗ ನಾಯಕರಲ್ಲವೇ?" ವಕೀಲರ ಮುಖ ಅರಳಿತು.

"ಮೊದಲೂ ನಾಯಕರೇ. 2013ರ 'ಡೈರೆಕ್ಟರ್ಸ್ ಸ್ಪೆಷಲ್' ಚಿತ್ರಕ್ಕೆ ಅವರೇ ನಾಯಕ. ಮನೆಮಾತಾಗಲು ಖಳನಾಗಬೇಕಾಯಿತು" ಎಂದು ಮೆಡಿಕಲ್ ಅಣ್ಣ ಒಳಗಿನಿಂದಲೇ ಕೂಗಿದರು.

ವಕೀಲರು ಎಂದಿನಂತೆ ತಮಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದರು. "ಈಗ ನಾಯಕರು ತಾನೇ? ಹಾಗಾದರೆ ಇಂದಿನಿಂದ ಅವರೂ ನನ್ನ ಕಕ್ಷಿದಾರರು. ಅವರ ಮುಂದಿನ ಚಿತ್ರದಲ್ಲಿ ಪೋಷಕ ನಟ ಯಾರೆಂದು ವಿಚಾರಿಸಿ ಹೇಳಿರಿ, ಚಿತ್ರ ಬಿಡುಗಡೆಯಾಗುವ ಮೊದಲೇ ನೋಟಿಸು ಕಳುಹಿಸಿಬಿಡೋಣ."