ಮರು: ಮ್ಯುಟೇಶನ್, ವೇರಿಯಂಟ್ ಎರಡಕ್ಕೂ ‘ರೂಪಾಂತರ’ವೇ?

ಕೊರೋನಾ ವೈರಸ್ ಕುರಿತ ಭಿತ್ತಿಪತ್ರ ಇಂದೇ ಅಚ್ಚಿಗೆ ಹೋಗಬೇಕು ಎಂದಿದ್ದೀರಿ, ಆದ್ದರಿಂದ ಉತ್ತರ ಮೊದಲು: ಮ್ಯುಟೇಶನ್‌ಗೆ ‘ಮಾರ್ಪಾಡು’, ವೇರಿಯಂಟ್‌ಗೆ ‘ರೂಪಾಂತರಿ’. ಎರಡಕ್ಕೂ ‘ರೂಪಾಂತರ’ ಸಾಕೆಂಬ ಸಲಹೆಯನ್ನು ದಯವಿಟ್ಟು ಕೈಬಿಡಿ.

ಎನ್501ವೈ ಎಂಬ ಒಂದೇ ಮಾರ್ಪಾಡು ಆಲ್ಫಾ, ಬೀಟಾ, ಗಾಮಾ ಎಂಬ ಮೂರು ರೂಪಾಂತರಿಗಳಲ್ಲೂ ಬೇರೆಬೇರೆಯಾಗಿ ಹುಟ್ಟಿಕೊಂಡಿತು. ಆ ಸಲಹೆಯಂತೆ ಬರೆದರೆ ‘ಮೂರು ರೂಪಾಂತರಗಳಲ್ಲಿ ಒಂದೇ ರೂಪಾಂತರ’ ಎಂದಾಗುತ್ತದೆ. ಓದಿದವರು ಏನೆಂದು ತಿಳಿಯಬೇಕು? ಈ ವೈರಸ್ಸಿನ ಜೀನೋಮ್, ಎಂದರೆ ಅದರ ಇಡೀ ಆನುವಂಶಿಕ ಮಾಹಿತಿ, ಸುಮಾರು 30,000 ಅಕ್ಷರಗಳ ಬರಹ. ನಕಲಾಗುವಾಗ ಒಂದಕ್ಷರ ತಪ್ಪಿದರೂ ಅದು ಮಾರ್ಪಾಡು. ಅಂಥವು ಹಲವನ್ನು ಒಟ್ಟಿಗೆ ಹೊತ್ತು ಪೀಳಿಗೆಯಿಂದ ಪೀಳಿಗೆಗೆ ದಾಟಿಸುವ ವೈರಸ್ ರೂಪಾಂತರಿ. ಒಮೈಕ್ರಾನ್‌ನ ಸ್ಪೈಕ್ (ವೈರಸ್ಸಿನ ಹೊರಮೈಯ ಮುಳ್ಳು) ಪ್ರೋಟೀನ್ ಒಂದರಲ್ಲೇ 30ಕ್ಕೂ ಹೆಚ್ಚು ಮಾರ್ಪಾಡುಗಳಿದ್ದವು.

ಮಾರ್ಪಾಡು ಎಂದರೆ ಯಾರೋ ಬೇಕೆಂದು ಮಾಡಿದ್ದು ಎಂಬ ಆಕ್ಷೇಪ ನಿಲ್ಲುವುದಿಲ್ಲ. ಏರ್ಪಡು–ಏರ್ಪಾಡಿನಂತೆ ಇದೂ ‘ಮಾರ್ಪಡು’ ಎಂಬ ಅಕರ್ಮಕ ಧಾತುವಿನಿಂದ ಬಂದದ್ದು. ಬೇಕೆಂದು ಮಾಡುವುದಕ್ಕೆ ‘ಮಾರ್ಪಡಿಸು’ ಇದೆ. ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಬೇಡ. ಆ ‘ಉತ್’ಗೆ ಅಲ್ಲಿ ಕೆಲಸವೇ ಇಲ್ಲ.

ಇನ್ನು, ನಾನು ಬರೆಯಲು ಕುಳಿತದ್ದೇ ಈ ಮಾತಿಗಾಗಿ. ಮಾರ್ಪಾಡಿನ ಬಗೆಗಳಾದ ಸಬ್‌ಸ್ಟಿಟ್ಯೂಶನ್, ಡಿಲೀಶನ್, ಇನ್ಸರ್ಶನ್‌ಗಳಿಗೆ ಹೊಸ ಪದ ಕಟ್ಟಲು ಹೊರಟಿದ್ದೀರಿ. ಕಟ್ಟಬೇಕಿಲ್ಲ, ಸಂಧಿಪ್ರಕರಣದಲ್ಲಿ ಮೂರೂ ಸಿದ್ಧವಾಗಿವೆ. ಮಳೆಗಾಲದಲ್ಲಿ ಕಕಾರ ಹೋಗಿ ಗಕಾರ ಬಂದಂತೆ, ಜೀನೋಮಿನ 23,403ನೆಯ ನೆಲೆಯಲ್ಲಿ ಎ ಹೋಗಿ ಜಿ ಬಂದಿತು. ಪ್ರೋಟೀನಿನ ಮಟ್ಟದಲ್ಲಿ ಅದೇ ಡಿ614ಜಿ, ಎಂದರೆ ಸ್ಪೈಕ್‌ನ 614ನೆಯ ಅಮೈನೋ ಆಮ್ಲ (ಪ್ರೋಟೀನಿನ ಒಂದು ಕೊಂಡಿ) ಡಿ ಹೋಗಿ ಜಿ ಆದದ್ದು. ಇದು ಆದೇಶ. ಆಲ್ಫಾದ ಸ್ಪೈಕ್‌ನಲ್ಲಿ 69 ಮತ್ತು 70ನೆಯ ಅಮೈನೋ ಆಮ್ಲಗಳು ಬಿದ್ದುಹೋದವು: ಲೋಪ. ಒಮೈಕ್ರಾನ್‌ನ ಬಿಎ.1 ಎಂಬ ಉಪಶಾಖೆಯಲ್ಲಿ 214ನೆಯ ನೆಲೆಯ ಬಳಿ ಮೂರು ಅಮೈನೋ ಆಮ್ಲಗಳು ಹೊಸದಾಗಿ ಬಂದು ಸೇರಿದವು: ಆಗಮ. ಸಂಧಿ ನಿಯಮಕ್ಕೆ ಒಳಪಟ್ಟದ್ದು, ಮಾರ್ಪಾಡು ಆಕಸ್ಮಿಕ. ಈ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ಸಾಲಿನೊಳಗೆ ನಡೆಯುವ ಕ್ರಿಯೆ ಅದೇ. ಶಾಲೆಯಲ್ಲಿ ವ್ಯಾಕರಣ ಕಲಿತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೂ ಸಂಸ್ಕೃತವಲ್ಲವೇ ಎಂದು ಅಚ್ಚಗನ್ನಡದ ಗೆಳೆಯರು ಕೇಳುತ್ತಾರೆ. ಹೌದು. ಅವರೇ ಸೂಚಿಸಿದ ‘ಬದಲಾವಣೆ’ಯೊಳಗಿನ ಬದಲು ಅರಬ್ಬಿಯಿಂದ ಬಂದದ್ದು, ಅದಕ್ಕೂ ನನ್ನ ತಕರಾರಿಲ್ಲ. ವೈರಸ್, ಜೀನ್ ಎಂಬ ಪದಗಳೂ ಹಾಗೆಯೇ ಇರಲಿ. ಎರವಲಿನಿಂದ ಕನ್ನಡ ಕೆಡುವುದಿಲ್ಲ; ಬೇರೆಬೇರೆ ಎರಡು ವಸ್ತುಗಳಿಗೆ ಒಂದೇ ಹೆಸರಿಟ್ಟು ಕೈತೊಳೆದುಕೊಂಡರೆ ಕೆಡುತ್ತದೆ.

ಆಲ್ಫಾ, ಡೆಲ್ಟಾಗಳನ್ನು ಕನ್ನಡಿಸುವ ಪ್ರಸ್ತಾಪವನ್ನೂ ನೋಡಿದೆ. ಅವು 2021ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಂಕಿತನಾಮಗಳು. ಮುಟ್ಟಬೇಡಿ.