ಬ್ಯಾಂಕ್ ಕೆಲಸ ಬಿಟ್ಟು ಮನಃಶಾಸ್ತ್ರ ಓದಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ

ಹಾಸನದ ಓದುಗಿ
ನನಗೆ 33 ವರ್ಷ. ಬಿ.ಕಾಂ. ಮುಗಿಸಿ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದೇನೆ. ಮಗ ಮೂರನೇ ತರಗತಿ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಪ್ತಸಮಾಲೋಚಕಿಯಾಗಬೇಕೆಂಬ ಆಸೆ. ಉಳಿತಾಯ ಸುಮಾರು ನಾಲ್ಕು ಲಕ್ಷ. ಊರು ಬಿಡುವುದು ಕಷ್ಟ. ಯಾವ ಕೋರ್ಸ್, ಎಲ್ಲಿ? ಓದಿದವರು ಹೇಳಿದರೆ ಉಪಕಾರವಾಗುತ್ತದೆ.

ಕರಾವಳಿಯ ಎಂ.ಫಿಲ್.
ನಾಲ್ಕು ಲಕ್ಷವೇ? ನನ್ನ ಲೆಕ್ಕ ಕೇಳಿ. ಎಂ.ಎಸ್ಸಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆಯಿತು, ಅದರ ಖರ್ಚು ಲೆಕ್ಕಕ್ಕೇ ಇಲ್ಲ. ಆಮೇಲೆ ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್.ಗೆ ನಿಮ್ಹಾನ್ಸ್ ಪ್ರವೇಶ ಪರೀಕ್ಷೆ. ಇಡೀ ದೇಶದ ಮಕ್ಕಳು ಬಂದು ಬರೆಯುತ್ತಿದ್ದರು, ಸೀಟುಗಳೋ ಬೆರಳೆಣಿಕೆಯವು. ನನಗೆ ಸಿಗಲಿಲ್ಲ. ಸಿಕ್ಕಿದ್ದು ಖಾಸಗಿ ಕಾಲೇಜು. ವರ್ಷಕ್ಕೆ 2,75,000 ಶುಲ್ಕ. ಹಾಸ್ಟೆಲ್ 96,000. ಅದರ ಮೇಲೆ 40,000 ‘ಕ್ಲಿನಿಕಲ್ ಶುಲ್ಕ’, ಅಂದರೆ ಆಸ್ಪತ್ರೆಗೆ ನಾವು ದುಡಿಯುವುದಕ್ಕೆ ನಾವೇ ಕೊಡುವ ಹಣ. ಸ್ಟೈಪೆಂಡ್ ಸೊನ್ನೆ. ಮಹಾಪ್ರಬಂಧಕ್ಕೆ ರಟ್ಟು ಹಾಕಿಸಿ ತಂದ ಮೇಲೆ ಮಾರ್ಗದರ್ಶಕರು ಎಡಗಡೆಯ ಅಂಚು ಸಾಲದು ಎಂದರು. ಐದೂ ಪ್ರತಿಗಳನ್ನು ಮತ್ತೆ ಮುದ್ರಿಸಿದೆ: 6,200. ಅಪ್ಪ ಅಡಿಕೆ ತೋಟದ ಮೇಲೆ ತೆಗೆದ ಸಾಲ ಇನ್ನೂ ತೀರಿಲ್ಲ.

ಆದರೆ ಕಲಿತದ್ದು ಅಲ್ಲಿಯೇ. ಸೆಗ್ವಿನ್ ಫಾರ್ಮ್ ಬೋರ್ಡ್, ಅಂದರೆ ಬುದ್ಧಿ ಅಳೆಯಲು ಬಳಸುವ ಆಕಾರದ ಗುಳಿಗಳ ಹಲಗೆ, ಅದರ ಮುಂದೆ ಮಗುವನ್ನು ಕೂರಿಸಿ, ಹತ್ತು ಮರದ ತುಂಡುಗಳನ್ನು ಕೊಟ್ಟು, ಸ್ಟಾಪ್‌ವಾಚ್ ಒತ್ತುತ್ತೇವೆ. ನಕ್ಷತ್ರವನ್ನು ಶಿಲುಬೆಯ ಗುಳಿಗೆ ತುರುಕುತ್ತಾ ಮಗು ನಮ್ಮ ಮುಖ ನೋಡುತ್ತದೆ. ಆಗ ನಮ್ಮ ಮುಖದಲ್ಲಿ ಏನೂ ಕಾಣಬಾರದು. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಮನೆಗೆ ಅಂಚೆಯಲ್ಲಿ ಬರುವ ಪಾಠಗಳಂತೂ ಖಂಡಿತ ಕಲಿಸುವುದಿಲ್ಲ. ಇಂದು ವರದಿಯ ಕೆಳಗೆ ನನ್ನ ಸಿಆರ್‌ಆರ್ ಸಂಖ್ಯೆ (ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಕೊಡುವ ನೋಂದಣಿ ಸಂಖ್ಯೆ) ಇದ್ದರೆ ಆ ಕಾಗದಕ್ಕೆ ಬೆಲೆ. ಇಲ್ಲದವರು ಏನೇ ಬೋರ್ಡ್ ತೂಗುಹಾಕಿಕೊಳ್ಳಲಿ.

ಶಾಲೆಯ ಮೇಡಂ, ತುಮಕೂರು
ಅಂಚೆಯಲ್ಲಿ ಬಂದ ಪಾಠ ಓದಿದವಳು ನಾನು. ಉತ್ತರ ಕೊಡಲೇಬೇಕು.

ಇಗ್ನೋ ಎಂ.ಎ. ಮಾಡಿದೆ. ಗಂಡನ ಮನೆಯಲ್ಲಿ ಇಬ್ಬರು ವೃದ್ಧರು, ಚಿಕ್ಕ ಮಗು. ಬೆಳಗಿನ ನಾಲ್ಕು ಗಂಟೆಯಿಂದ ಆರರವರೆಗೆ ಓದು, ಆಮೇಲೆ ಒಲೆ. ಶುಲ್ಕ ಕಡಿಮೆ, ನಿಜ. ಖರ್ಚೆಲ್ಲ ಬಂದದ್ದು ಇಂಟರ್ನ್‌ಶಿಪ್‌ಗೆ. ದೂರಶಿಕ್ಷಣ ಎಂದ ಕೂಡಲೇ ಆಸ್ಪತ್ರೆಗಳು ಬಾಗಿಲು ಹಾಕಿದವು. ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಕೇಂದ್ರ 15,000 ರೂಪಾಯಿ ಪಡೆದು ಸೇರಿಸಿಕೊಂಡಿತು. ಅಲ್ಲಿ ಮಾಡಿಸಿದ್ದು ಕಡತ ಜೋಡಿಸುವ ಕೆಲಸ. ರೈಲಿನ ಪಾಸ್, ಮೆಟ್ರೋ, ಮಧ್ಯಾಹ್ನದ ಊಟ ಬೇರೆ. ಪ್ರಾಜೆಕ್ಟ್ ವರದಿ ಒಮ್ಮೆ ತಿರಸ್ಕೃತವಾಯಿತು; ಕಾರಣ, ಮಾರ್ಗದರ್ಶಕರ ಸಹಿ ತಪ್ಪು ಪುಟದಲ್ಲಿತ್ತು.

ಈಗ ಶಾಲೆಯಲ್ಲಿ ಸಮಾಲೋಚಕಿ. ಸಂಬಳ 24,000. ಹತ್ತನೇ ತರಗತಿಯ ಹುಡುಗ ಪರೀಕ್ಷೆಯ ಹಿಂದಿನ ದಿನ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಾಗ ಹೊರಗೆ ನೆಲದ ಮೇಲೆ ಕುಳಿತು ಅವನೊಡನೆ ಮಾತನಾಡಿದವಳು ನಾನು. ಅವನು ನನ್ನ ಸಿಆರ್‌ಆರ್ ಸಂಖ್ಯೆ ಕೇಳಲಿಲ್ಲ.

ಕರಾವಳಿಯ ಎಂ.ಫಿಲ್.
ಮೇಡಂ, ಹುಡುಗ ಕೇಳುವುದಿಲ್ಲ, ಕಾನೂನು ಕೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಬರೆದಿಟ್ಟಿದೆ. ಅದೇ ಹುಡುಗನಿಗೆ ಕಲಿಕಾ ನ್ಯೂನತೆ ಇದ್ದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಾದರೆ ನಿಮ್ಮ ಪತ್ರ ನಡೆಯುತ್ತದೆಯೇ?

ಶಾಲೆಯ ಮೇಡಂ, ತುಮಕೂರು
ನಡೆಯುವುದಿಲ್ಲ. ಅದಕ್ಕೇ ನಿಮ್ಮಂಥವರಲ್ಲಿಗೆ ಕಳುಹಿಸುತ್ತೇನೆ. ಒಂದು ವರದಿಗೆ 5,000 ಕೇಳುತ್ತೀರಿ. ತಂದೆ ಆಟೋ ಓಡಿಸುವವರು.

ಊರಿಗೆ ಮರಳಿದವನು
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಳೆದುಕೊಂಡವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಉತ್ತರ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಶುಲ್ಕ 18,500 ಪೌಂಡ್. ಕೋಣೆ ಬಾಡಿಗೆ ತಿಂಗಳಿಗೆ 560 ಪೌಂಡ್, ಹೀಟರಿನ ಬಿಲ್ಲು ಬೇರೆ. ವೀಸಾ, ಅದರ ಮೇಲೆ ಆರೋಗ್ಯ ಸರ್‌ಚಾರ್ಜ್; ಹಲ್ಲುನೋವು ಬಂದಾಗ ದಂತವೈದ್ಯರಿಗೆ ಮತ್ತೆ ಕೈಯಿಂದಲೇ ಕೊಟ್ಟೆ. ಶಿಕ್ಷಣ ಸಾಲದ ಕಂತು ತಿಂಗಳಿಗೆ 31,000, ಈಗಲೂ ನಡೆಯುತ್ತಿದೆ.

ಏಜೆಂಟ್ ಹೇಳದೆ ಬಿಟ್ಟದ್ದು ಇಷ್ಟು: ಆ ಒಂದು ವರ್ಷದ ಪದವಿಯಿಂದ ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಣಿ ಆಗುವುದಿಲ್ಲ. ಅದಕ್ಕೆ ಮೂರು ವರ್ಷದ ಡಾಕ್ಟರೇಟ್ ಬೇಕು. ಸರ್ಕಾರಿ ಆರೋಗ್ಯ ಸೇವೆ ಸಂಬಳ ಕೊಟ್ಟು ಓದಿಸುವ ಕೋರ್ಸ್ ಅದು, ನಮ್ಮಂಥ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ತಮಾಷೆಯೆಂದರೆ ಬರೀ ‘ಸೈಕಾಲಜಿಸ್ಟ್’ ಎಂದು ಅಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇಲ್ಲಿಗೆ ಬಂದರೆ ಆರ್‌ಸಿಐ ಕೂಡ ಒಪ್ಪುವುದಿಲ್ಲ. ಈಗ ಒಂದು ಕಂಪನಿಯಲ್ಲಿ ‘ಉದ್ಯೋಗಿ ಕ್ಷೇಮ’ ವಿಭಾಗ ನೋಡಿಕೊಳ್ಳುತ್ತೇನೆ. ಶುಕ್ರವಾರ ಎಲ್ಲರಿಗೂ ಉಸಿರಾಟ ಹೇಳಿಕೊಡುವುದು ನನ್ನ ಕೆಲಸ.

ಓದಿಸಿದ ರೀತಿ ಮಾತ್ರ ಚೆನ್ನಾಗಿತ್ತು, ಅದನ್ನು ಯಾರಾದರೂ ಹಳಿದರೆ ಒಪ್ಪುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಅಲ್ಲಿಯವರಂತೆ ಕಲಿಸುವವರನ್ನು ನಾನು ಇಲ್ಲಿ ನೋಡಿಲ್ಲ.

ಮಾನಸಗಂಗೋತ್ರಿ ಹಳೆಯ ವಿದ್ಯಾರ್ಥಿ
ಇಲ್ಲಿ ನೋಡಿಲ್ಲ ಎನ್ನುವ ಮೊದಲು ಸ್ವಲ್ಪ ಇತಿಹಾಸ ಓದಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು 1924ರಲ್ಲಿ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ, ಬುದ್ಧಿಯನ್ನು ಸಂಖ್ಯಾಶಾಸ್ತ್ರದಿಂದ ಅಳೆದ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು, ಅಂದರೆ ನಿಮ್ಮ ಸಂಖ್ಯಾಶಾಸ್ತ್ರದ ಮೂಲದಿಂದಲೇ! ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದರು, ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು.

ನನ್ನ ಅನುಭವ: ಎಂ.ಎ. ಮುಗಿಸಿ, ಮುಂದೆ ಎಂ.ಫಿಲ್. ಮಾಡಿ, ಜಿಲ್ಲಾ ಮಟ್ಟದ ಗುತ್ತಿಗೆ ಹುದ್ದೆಗೆ ಸೇರಿದೆ. ಯಾವ ಜಿಲ್ಲೆ ಎಂದು ಹೇಳುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗವೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು ಎಂದು ಭಾಷಣ ಕೇಳಿ ಬೆಳೆದವನು. ವಾಸ್ತವದಲ್ಲಿ ಪ್ರತಿ ಮಾರ್ಚ್‌ನಲ್ಲಿ ಒಪ್ಪಂದ ಮುಗಿಯುತ್ತಿತ್ತು, ಏಪ್ರಿಲ್ ಸಂಬಳ ಜುಲೈನಲ್ಲಿ ಬರುತ್ತಿತ್ತು. ತಾಲ್ಲೂಕು ಶಿಬಿರಕ್ಕೆ ಹೋಗುವ ಜೀಪಿಗೆ ಡೀಸೆಲ್ ಇಲ್ಲದಿದ್ದರೆ ಬಸ್ ಚೀಟಿ ನಮ್ಮದೇ. ಆ ಚೀಟಿಗಳನ್ನೆಲ್ಲ ಹಾಳೆಗೆ ಅಂಟಿಸಿ ಕೊಟ್ಟೆ. ಮೂಲ ಪ್ರತಿ ಮಸುಕಾಗಿದೆ ಎಂದು ಲೆಕ್ಕಪತ್ರದವರು ಹಿಂದಿರುಗಿಸಿದರು. 1,840 ರೂಪಾಯಿ. ಇವತ್ತಿಗೂ ಬಂದಿಲ್ಲ.

ಸಾಧನಕೇರಿ
ಮೈಸೂರಿನವರಿಗೆ ಎಲ್ಲವೂ ಮೈಸೂರಿನಲ್ಲೇ ಹುಟ್ಟಿರಬೇಕು. ಬುದ್ಧಿ ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ 1930ರ ದಶಕದಲ್ಲಿ ಹೊಂದಿಸಿದವರು ವಿ.ವಿ. ಕಾಮತ್, ನಮ್ಮ ಮುಂಬೈ ಕರ್ನಾಟಕದ ಕೆಲಸ ಅದು. ಆ ಪರೀಕ್ಷೆಯನ್ನು ಇಂದಿಗೂ ಬಳಸುತ್ತಾರೆ. ನಿಮ್ಮ ರೇಡಿಯೊದಿಂದ ಯಾವ ಮಗುವಿನ ಬುದ್ಧಿ ಅಳೆದಿರಿ? ಆಕಾಶವಾಣಿ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದೂ ಹೇಳುತ್ತಾರೆ, ಗೊತ್ತಿರಲಿ.

ಕರಾವಳಿಯ ಎಂ.ಫಿಲ್.
ಸರ್, ಅಷ್ಟು ಹಳೆಯ ಪರೀಕ್ಷೆಯನ್ನು ಇಂದಿಗೂ ಬಳಸುವುದು ಹೆಮ್ಮೆಯ ವಿಷಯವೇ? ಮಾನದಂಡಗಳು ಯಾವ ಕಾಲದವು ಎಂದು ಯೋಚಿಸಿದ್ದೀರಾ? ಬುದ್ಧಿ ಅಳೆಯುವ ವೆಕ್ಸ್‌ಲರ್ ಕಿಟ್ ಕೊಳ್ಳಲು ನಾನು ಹೆಂಡತಿಯ ಬಳೆ ಅಡವಿಟ್ಟೆ. ಮೇಲೆ ಒಬ್ಬರು 5,000 ಎಂದು ಆಡಿಕೊಂಡರಲ್ಲ, ಆ ಹಣ ಹೋಗುವುದು ಇಂಥದ್ದಕ್ಕೆ.

ಶಾಲೆಯ ಮೇಡಂ, ತುಮಕೂರು
ಬಳೆ ಅಡವಿಟ್ಟವರು ನೀವು, ಕೊಟ್ಟವರು ಅವರು. ಅವರ ಅನುಭವವನ್ನೂ ಒಮ್ಮೆ ಬರೆಸಿ.

ಹಾಸನದ ಓದುಗಿ
ಎಲ್ಲರಿಗೂ ಧನ್ಯವಾದ. ನಾನು ಬಿ.ಕಾಂ. ಎಂದು ಬರೆದಿದ್ದೆ, ಯಾರೂ ಗಮನಿಸಿದಂತಿಲ್ಲ. ನನಗೆ ಎಂ.ಎಸ್ಸಿ. ಸೀಟು ಕೊಡುತ್ತಾರೆಯೇ? ತುಮಕೂರಿನ ಅಕ್ಕ ಓದಿದ ಹಾಗೆ ಮನೆಯಿಂದಲೇ ಓದಬಹುದಲ್ಲವೇ?

ಶಾಲೆಯ ಮೇಡಂ, ತುಮಕೂರು
ಇಲ್ಲ ತಂಗಿ, ಆ ದಾರಿ ಮುಚ್ಚಿತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕೊಡಬಾರದೆಂದು ಯುಜಿಸಿ ಹೇಳಿತು. ಬಿ.ಕಾಂ. ಆದವರನ್ನು ಸೇರಿಸಿಕೊಳ್ಳುತ್ತಿದ್ದ ಕೋರ್ಸ್ ನಾನು ಓದಿದ್ದೇ. ರೆಗ್ಯುಲರ್ ಕಾಲೇಜುಗಳಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ಪದವಿಯಲ್ಲಿ ಮನಃಶಾಸ್ತ್ರ ಇರಬೇಕು ಎಂದಿದ್ದರು. ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಪ್ರಕಟಣೆಯ ಅರ್ಹತೆಯ ಭಾಗವನ್ನು ಪೂರ್ತಿ ಓದಿ.

ಕರಾವಳಿಯ ಎಂ.ಫಿಲ್.
ಮುಚ್ಚಿದ್ದು ಒಳ್ಳೆಯದೇ ಆಯಿತು.

ಊರಿಗೆ ಮರಳಿದವನು
ನಿಮ್ಮದೂ ಮುಚ್ಚಿತಲ್ಲ ಸ್ವಾಮಿ. 2022ರ ಯುಜಿಸಿ ನಿಯಮಗಳಲ್ಲಿ ಎಂ.ಫಿಲ್. ಅನ್ನೇ ಕೈಬಿಟ್ಟರು, ನಿಮ್ಮ ವಿಷಯಕ್ಕೆ ವಿನಾಯಿತಿ ಕೊಟ್ಟದ್ದು 2025-26ರವರೆಗೆ. ಇನ್ನು ಹೊಸ ಎಂ.ಎ., ಸೈ.ಡಿ. (ಮನಃಶಾಸ್ತ್ರದ ಡಾಕ್ಟರೇಟ್) ಮಾಡಿದವರು ಬಂದು, ಬರೀ ಎಂ.ಫಿಲ್. ಏನು ಮಹಾ ಎಂದು ನಿಮ್ಮನ್ನು ಕೇಳುತ್ತಾರೆ.

ಕರಾವಳಿಯ ಎಂ.ಫಿಲ್.
ಕೇಳಲಿ. ನನ್ನ ನೋಂದಣಿ ಊರ್ಜಿತದಲ್ಲಿದೆ. ಶುಕ್ರವಾರದ ಉಸಿರಾಟಕ್ಕೆ ಯಾವ ನೋಂದಣಿ ಬೇಕು?

ಮಾನಸಗಂಗೋತ್ರಿ ಹಳೆಯ ವಿದ್ಯಾರ್ಥಿ
ಸಾಧನಕೇರಿಯವರೇ, ಹೆಸರು ಸೂಚಿಸಿದವರು ಕಸ್ತೂರಿಯವರೇ ಇರಲಿ. ಅವರು ಕೆಲಸ ಮಾಡುತ್ತಿದ್ದುದು ಎಲ್ಲಿ? ಮೈಸೂರಿನಲ್ಲಿ. ಟ್ರಾನ್ಸ್‌ಮಿಟರ್ ಇದ್ದದ್ದು ಯಾರ ಮನೆಯಲ್ಲಿ?